ಉಬ್ಬಸವುಳ್ಳವರು ಓಡಬಹುದೇ?

ಉಬ್ಬಸ, ಗೂರಲು, ದಮ್ಮು ಎಂದು ಯಾವ ಹೆಸರಿನಿಂದ ಕರೆದರೂ ವ್ಯಾಧಿಯೊಂದೇ. ನಮ್ಮ ರಾಯಚೂರು ಸೀಮೆಯ ಹಳ್ಳಿಗಳಲ್ಲಿ ಇದನ್ನು ದಮ್ಮು ಎನ್ನುವರು. ಈ ನಗರದ ತೆಲುಗು ನೆರೆಯವರು ಉಬ್ಬಸಮೆಂದೂ, ಉರ್ದು ಮಾತನಾಡುವವರು ದಮಾ ಎಂದೂ ಹೇಳುತ್ತಾರೆ. ವೈದ್ಯರ ಚೀಟಿಯಲ್ಲಿ ಅದು ಆಸ್ತಮಾ. ದಮ್ ಎಂಬುದು ಪಾರಸಿ ಶಬ್ದ, ಉಸಿರೆಂದು ಅದರ ಅರ್ಥ. ಬಿರಿಯಾನಿಯ ಹಂಡೆಯ ಬಾಯಿಗೆ ಹಿಟ್ಟು ಮೆತ್ತಿ, ಆವಿಯು ಹೊರಹೋಗದಂತೆ ಬೇಯಿಸುವುದಕ್ಕೆ ಹೈದರಾಬಾದಿನಲ್ಲಿ ದಮ್ ಕೊಡುವುದೆನ್ನುವರಲ್ಲವೇ, ಅಲ್ಲಿರುವುದೂ ಇದೇ ಶಬ್ದ. ಹೋಲಿಕೆಯು ಶಬ್ದದಲ್ಲಿ ಮಾತ್ರ ಇಲ್ಲ. ಉಬ್ಬಸದವನಿಗೆ ಉಸಿರು ಒಳಗೆ ಹೋಗುತ್ತಿಲ್ಲವೆಂದು ನೋಡುವವರು ಭಾವಿಸುತ್ತಾರೆ. ವಾಸ್ತವವಾಗಿ ಅವನಿಗೆ ಹೆಚ್ಚು ಕಷ್ಟವಾಗುವುದು ಒಳಗಿರುವ ಉಸಿರನ್ನು ಹೊರಹಾಕುವುದರಲ್ಲಿ. ಕೊಳವೆ ಕಿರಿದಾದುದರಿಂದ ಹಳೆಯ ಗಾಳಿಯು ಎದೆಯಲ್ಲಿಯೇ ಉಳಿಯುತ್ತದೆ, ಹೊಸ ಗಾಳಿಗೆ ಸ್ಥಳವಿಲ್ಲದಂತಾಗುತ್ತದೆ.

ಇಂತಹವರು ಓಡಬಹುದೇ ಎಂಬುದು ಈ ಪಾಠದ ಪ್ರಶ್ನೆ. ಹಿರಿಯರ ಉತ್ತರ ಸಿದ್ಧವಾಗಿದೆ: “ಹುಡುಗನಿಗೆ ದಮ್ಮಿದೆ ಸಾರ್, ಓಡಿಸಬೇಡಿ.” ಹೀಗೆ ಬರೆದ ಚೀಟಿಗಳು ನಮ್ಮ ಶಾಲೆಯಲ್ಲಿ ಈ ವರ್ಷ ಆರು ಬಂದವು. ಆಟದ ಅವಧಿಯಲ್ಲಿ ಆ ಆರು ಮಂದಿ ಜಗುಲಿಯ ಮೇಲೆ ಕುಳಿತು ಇತರರ ಚೀಲಗಳನ್ನು ಕಾಯುತ್ತಿದ್ದರು. ತಂದೆತಾಯಿಗಳ ಅಂಜಿಕೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಮಧ್ಯರಾತ್ರಿಯಲ್ಲಿ ಮಗು ಎದ್ದು ಕುಳಿತು, ಹೆಗಲನ್ನು ಮೇಲೆತ್ತಿ ಉಸಿರಿಗಾಗಿ ಹೋರಾಡುವುದನ್ನು ಒಮ್ಮೆ ಕಂಡವರು ಅದನ್ನು ಮರೆಯಲಾರರು. ನಾವೂ ಅಂತಹ ಮಗುವೇ ಆಗಿದ್ದೆವು. ಮೂವತ್ತೆರಡು ವರ್ಷಗಳ ಕಾಲ ಬಸ್ಸಿನ ಹಿಂದೆ ಕೂಡ ಓಡಿದವರಲ್ಲ. ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ ಮುಗಿಸಿ, ಹೊಟ್ಟೆಪಾಡಿಗಾಗಿ ಈ ಊರಿಗೆ ಬಂದು, ಅಬಿಡ್ಸಿನ ಹಿಂಬದಿಯ ಒಂದು ಗಲ್ಲಿಯಲ್ಲಿ ಕೋಣೆ ಹಿಡಿದ ಮೇಲೆ, ವೈದ್ಯರೊಬ್ಬರ ಒಪ್ಪಿಗೆ ಪಡೆದು ಈ ವಿದ್ಯೆಗೆ ಕೈಹಾಕಿದೆವು. ವೈದ್ಯರ ಒಪ್ಪಿಗೆಯೆಂಬ ಮಾತನ್ನು ಕೆಳಗೆ ಗೆರೆಯೆಳೆದು ಓದಿಕೊಳ್ಳಿರಿ.

ಓಡುವಾಗ ಎದೆ ಬಿಗಿಯುವುದೇಕೆ? ಸುಮ್ಮನೆ ಕುಳಿತಿರುವ ವಯಸ್ಕನು ನಿಮಿಷಕ್ಕೆ ಸುಮಾರು 12ರಿಂದ 16 ಬಾರಿ, ಪ್ರತಿಸಲ ಅರ್ಧ ಲೀಟರಿನಷ್ಟು ಗಾಳಿಯನ್ನು ಎಳೆದುಕೊಳ್ಳುತ್ತಾನೆ. ಗುಣಿಸಿ ನೋಡಿದರೆ ನಿಮಿಷಕ್ಕೆ ಆರರಿಂದ ಎಂಟು ಲೀಟರಾಯಿತು. ಇಷ್ಟನ್ನು ಬೆಚ್ಚಗೆ ಮಾಡಿ, ತೇವಗೊಳಿಸಿ, ಧೂಳನ್ನು ಸೋಸಿ ಒಳಕ್ಕೆ ಕಳುಹಿಸುವುದು ಮೂಗಿಗೆ ಸುಲಭ. ವೇಗವಾಗಿ ಓಡುವಾಗಲಾದರೋ ಇದು ಹತ್ತು ಪಾಲಿಗೂ ಮಿಗಿಲಾಗುತ್ತದೆ. ಆಗ ಮೂಗು ಸಾಲದೆ ಬಾಯಿ ತೆರೆದುಕೊಳ್ಳುತ್ತದೆ. ಒಣಗಾಳಿಯು ನೇರವಾಗಿ ಶ್ವಾಸನಾಳಗಳಿಗೆ ನುಗ್ಗಿ ಅವುಗಳ ಒಳಪದರದ ನೀರನ್ನು ಹೀರಿಕೊಳ್ಳುತ್ತದೆ. ಒಣಗಿದ ಒಳಪದರದಿಂದ ಕೆಲವು ದ್ರವ್ಯಗಳು ಸ್ರವಿಸಿ, ನಾಳದ ಸುತ್ತ ಉಂಗುರದಂತಿರುವ ಸ್ನಾಯುಗಳು ಬಿಗಿಯುತ್ತವೆ. ಸಾಮಾನ್ಯವಾಗಿ ಓಟದ ನಡುವೆಯಾಗಲಿ, ಓಟ ನಿಲ್ಲಿಸಿದ ಐದು ಹತ್ತು ನಿಮಿಷಗಳಲ್ಲಾಗಲಿ ಕೆಮ್ಮು ಮತ್ತು ಸುಂಯ್ಗುಡುವಿಕೆ ತೋರಿ, ಅರ್ಧ ತಾಸಿನಿಂದ ಒಂದು ತಾಸಿನೊಳಗೆ ಇಳಿಯುತ್ತವೆ. ನಿಮ್ಮ ಹೃದಯವು ದುರ್ಬಲವಾದುದರಿಂದ ಹೀಗಾಗುವುದಲ್ಲ, ನೀವು ಹೇಡಿಗಳಾದುದರಿಂದಲೂ ಅಲ್ಲ. ಒಣಗಾಳಿಯು ಒಮ್ಮೆಲೇ ನುಗ್ಗಿದುದೇ ಕಾರಣ. ಹೊಸದಾಗಿ ಓಡುವವರು ಮೊದಲ ಸುತ್ತಿನಲ್ಲಿಯೇ ಶಕ್ತಿಯನ್ನೆಲ್ಲ ವ್ಯಯಮಾಡಿ, ಎದೆ ಬಿಗಿದೊಡನೆ ‘ಇದು ನಮ್ಮಿಂದಾಗದು’ ಎಂದು ಶಾಶ್ವತವಾಗಿ ಕುಳಿತುಬಿಡುತ್ತಾರೆ. ಹತ್ತು ಹದಿನೈದು ನಿಮಿಷ ನಡೆದು ಮೈ ಬೆಚ್ಚಗಾದ ಮೇಲೆ ಓಡಿದರೆ ಅನೇಕರಲ್ಲಿ ಬಿಗಿತವು ಬಹಳ ಕಡಿಮೆಯಾಗುತ್ತದೆಂಬುದು ಪರೀಕ್ಷಿತ ಸಂಗತಿ.

ಈ ಊರಿನಲ್ಲಿ ಉಬ್ಬಸದ ಮಾತು ಬಂದರೆ ಮೀನಿನ ಔಷಧದ ಮಾತು ಬಾರದೆ ಇರದು. ಜೂನ್ ತಿಂಗಳ ಮೊದಲ ಭಾಗದಲ್ಲಿ ಮೃಗಶಿರಾ ಮಳೆ ಕೂಡುವ ದಿನ, ನೀವು ಜನವರಿಯಲ್ಲಿ ನುಮಾಯಿಷ್ ನೋಡಲು ಹೋಗುವ ಆ ನಾಂಪಲ್ಲಿಯ ಎಕ್ಸಿಬಿಷನ್ ಮೈದಾನದಲ್ಲಿ ಸಾವಿರಾರು ರೋಗಿಗಳು ಸಾಲುಗಟ್ಟಿ ನಿಲ್ಲುತ್ತಾರೆ. ಬತ್ತಿನಿ ಮನೆತನದವರು ಸಣ್ಣ ಜೀವಂತ ಮೀನಿನ ಬಾಯಲ್ಲಿ ಔಷಧವಿಟ್ಟು ಉಚಿತವಾಗಿ ನುಂಗಿಸುತ್ತಾರೆ. ಇದು ತಮ್ಮಲ್ಲಿ ಹತ್ತೊಂಬತ್ತನೆಯ ಶತಮಾನದಿಂದ ನಡೆದುಬಂದಿದೆಯೆಂದು ಅವರು ಹೇಳುತ್ತಾರೆ. ಇದರಿಂದ ವ್ಯಾಧಿ ವಾಸಿಯಾಗುವುದೆಂಬುದು ವೈದ್ಯಕೀಯ ಪರೀಕ್ಷೆಯಿಂದ ಸ್ಥಾಪಿತವಾಗಿಲ್ಲ. ರಾತ್ರಿಯೆಲ್ಲ ರೈಲಿನಲ್ಲಿ ಕುಳಿತು, ಮಗುವನ್ನು ಹೆಗಲ ಮೇಲೆ ಹೊತ್ತು ಬಂದ ತಂದೆಯನ್ನು ನಾವು ನಗುವುದಿಲ್ಲ. ಆದರೆ ಮೀನು ನುಂಗಿದ ಮಾತ್ರಕ್ಕೆ ನಿತ್ಯದ ಔಷಧವನ್ನು ಬಿಟ್ಟರೆ ಮಗುವಿನ ಪ್ರಾಣಕ್ಕೆ ಅಪಾಯವಿದೆಯೆಂಬುದನ್ನು ಹೇಳದಿರಲಾರೆವು.

ನಿತ್ಯದ ಔಷಧವೆಂದರೆ ಎಳೆದುಕೊಳ್ಳುವ ಔಷಧ. ಜನರು ಇದನ್ನು ‘ಪಂಪು’ ಎನ್ನುತ್ತಾರೆ. ಪಂಪು ಹಿಡಿದರೆ ಅಭ್ಯಾಸವಾಗಿಬಿಡುತ್ತದೆ, ಅದು ಕೊನೆಯ ಹಂತದವರಿಗೆ ಎಂಬ ಮಾತು ಮನೆಮನೆಯಲ್ಲಿದೆ. ಲೆಕ್ಕ ಮಾಡಿ ನೋಡೋಣ. ಸಾಲ್ಬುಟಮಾಲ್ ಎಂಬ ಔಷಧದ ಒಂದು ಮಾತ್ರೆಯಲ್ಲಿ 4 ಮಿಲಿಗ್ರಾಂ, ಅಂದರೆ 4000 ಮೈಕ್ರೋಗ್ರಾಂ ಇರುತ್ತದೆ. ಪಂಪಿನ ಒಂದು ಎಳೆತದಲ್ಲಿರುವುದು 100 ಮೈಕ್ರೋಗ್ರಾಂ. ನಲವತ್ತನೆಯ ಒಂದು ಪಾಲು! ಮಾತ್ರೆಯು ರಕ್ತದಲ್ಲಿ ಬೆರೆತು ದೇಹವನ್ನೆಲ್ಲ ಸುತ್ತಬೇಕು. ಎಳೆದುಕೊಂಡದ್ದು ಬೇಕಾದ ಸ್ಥಳಕ್ಕೇ ನೇರವಾಗಿ ಹೋಗುತ್ತದೆ. ಪಂಪುಗಳಲ್ಲಿ ಎರಡು ಬಗೆ: ಬಿಗಿತವನ್ನು ಒಡನೆಯೇ ಸಡಿಲಿಸುವುದೊಂದು, ಒಳಗಿನ ಊತವನ್ನು ದಿನೇ ದಿನೇ ತಗ್ಗಿಸುವುದಿನ್ನೊಂದು. ಮೊದಲನೆಯದನ್ನು ಮಾತ್ರ ನೆಚ್ಚಿಕೊಂಡಿರುವುದು ಸುರಕ್ಷಿತವಲ್ಲವೆಂದು ಆಸ್ತಮಾ ಕುರಿತ ಅಂತರರಾಷ್ಟ್ರೀಯ ಮಾರ್ಗದರ್ಶಿಯು 2019ರಲ್ಲಿ ಸ್ಪಷ್ಟವಾಗಿ ಹೇಳಿತು. ಓಟಕ್ಕೆ ಮುನ್ನ ಔಷಧ ಬೇಕೇ, ಯಾವುದು, ಎಷ್ಟು ಎಂಬುದನ್ನು ನಿಮ್ಮ ವೈದ್ಯರೇ ಹೇಳಬೇಕು. ಪಕ್ಕದ ಮನೆಯವರ ಪಂಪು ನಿಮ್ಮದಲ್ಲ.

ಇಲ್ಲಿ ಇನ್ನೊಂದು ಮಾತು. ಆ ಆರು ಮಂದಿಯಲ್ಲಿ ಒಬ್ಬ ಬಾಲಕಿಯು ಪಂಪನ್ನು ಊಟದ ಡಬ್ಬಿಯ ಚೀಲದ ತಳದಲ್ಲಿ ಬಚ್ಚಿಟ್ಟುಕೊಂಡು ಬರುತ್ತಿದ್ದಳು. ಹೆಣ್ಣುಮಗಳಿಗೆ ದಮ್ಮಿದೆಯೆಂದು ನಾಲ್ಕು ಜನಕ್ಕೆ ತಿಳಿದರೆ ನಾಳೆ ವರ ಸಿಗುವುದು ಕಷ್ಟವೆಂದು ಮನೆಯಲ್ಲಿ ಹೇಳಿದ್ದರಂತೆ. ಎದೆ ಬಿಗಿದಾಗ ಅವಳು ಶೌಚಾಲಯಕ್ಕೆ ಹೋಗಿ, ಬಾಗಿಲು ಹಾಕಿಕೊಂಡು ಔಷಧ ಎಳೆದುಕೊಳ್ಳಬೇಕಾಗಿತ್ತು. ಅಲ್ಲಿ ಅವಳು ಕುಸಿದುಬಿದ್ದಿದ್ದರೆ ನೋಡುವವರಾರು? ಕನ್ನಡಕವನ್ನು ಯಾರೂ ಬಚ್ಚಿಡುವುದಿಲ್ಲ. ಇದನ್ನೂ ಬಚ್ಚಿಡಬೇಕಾದ ಕಾರಣವಿಲ್ಲ. ಈಗ ಅವಳ ತಾಯಿಯವರೇ ಶಾಲೆಗೆ ಬಂದು, ಇನ್ನೊಂದು ಪಂಪನ್ನು ಉಪಾಧ್ಯಾಯರ ಕೋಣೆಯಲ್ಲಿ ಇರಿಸಿಹೋಗಿದ್ದಾರೆ.

ಜಗತ್ತಿನ ಕ್ರೀಡಾಳುಗಳಲ್ಲಿಯೂ ಈ ವ್ಯಾಧಿಯುಳ್ಳವರಿದ್ದಾರೆ. ಅಮೆರಿಕದ ಜಾಕಿ ಜಾಯ್ನರ್-ಕರ್ಸಿಯವರಿಗೆ ಆಸ್ತಮಾ ಇರುವುದು ತಿಳಿದುಬಂದದ್ದು ಕಾಲೇಜಿನಲ್ಲಿದ್ದಾಗ. ಮೊದಮೊದಲು ಅದನ್ನು ಒಪ್ಪಿಕೊಳ್ಳಲು ತಮಗೆ ಮನಸ್ಸಿರಲಿಲ್ಲವೆಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. 1988ರ ಸೋಲ್ ಒಲಿಂಪಿಕ್ಸಿನಲ್ಲಿ, ಏಳು ಸ್ಪರ್ಧೆಗಳು ಕೂಡಿದ ಹೆಪ್ಟಾಥ್ಲಾನಿನಲ್ಲಿ ಅವರು 7291 ಅಂಕ ಗಳಿಸಿ ವಿಶ್ವದಾಖಲೆ ಸ್ಥಾಪಿಸಿದರು. ಇಂಗ್ಲೆಂಡಿನ ಪೌಲಾ ರ‍್ಯಾಡ್‌ಕ್ಲಿಫ್ ಹದಿಹರೆಯದಿಂದಲೂ ಆಸ್ತಮಾವುಳ್ಳವರು. 2003ರಲ್ಲಿ ಲಂಡನ್ ಮ್ಯಾರಥಾನನ್ನು 2 ಗಂಟೆ 15 ನಿಮಿಷ 25 ಸೆಕೆಂಡುಗಳಲ್ಲಿ ಓಡಿದರು. ಆ ದಾಖಲೆಯು 2019ರವರೆಗೆ ಅಳಿಯಲಿಲ್ಲ. ಆದರೆ ನಾವು ಅವರಂತಾಗಬೇಕೆಂದು ಹೊರಡುವುದಿಲ್ಲ. ನಮ್ಮ ಗುರಿ ಇಪ್ಪತ್ತು ನಿಮಿಷಗಳ ಕಾಲ ನಿಲ್ಲದೆ, ನಿಧಾನವಾಗಿ ಓಡುವುದಷ್ಟೆ.

ಇನ್ನು ಕ್ರಮವನ್ನು ಹೇಳುವೆವು. ಮೊದಲ ಎರಡು ವಾರ ಓಟವೇ ಇಲ್ಲ. ವಾರಕ್ಕೆ ಮೂರು ದಿನ, ಪ್ರತಿಸಲ ಅರ್ಧ ತಾಸು ಚುರುಕಾದ ನಡಿಗೆ. ಮೂರನೆಯ ವಾರದಿಂದ ಹತ್ತು ನಿಮಿಷ ನಡೆದ ಮೇಲೆ, ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಹೀಗೆ ಎಂಟು ಸಲ. ಅದು ಸಲೀಸಾದರೆ ಎರಡು ನಿಮಿಷ ಓಟ, ಎರಡು ನಿಮಿಷ ನಡಿಗೆ. ಅನಂತರ ಮೂರು, ಐದು, ಎಂಟು ಎಂದು ಏರಿಸುತ್ತ ಹೋಗುವುದು. ಒಂದು ಮೆಟ್ಟಿಲಿನಲ್ಲಿ ಎರಡು ವಾರ ನಿಂತರೂ ನಷ್ಟವಿಲ್ಲ. ಒಂದು ದಿನದ ಓಟಕ್ಕೂ ಇನ್ನೊಂದಕ್ಕೂ ನಡುವೆ ಒಂದು ದಿನದ ಬಿಡುವಿರಲಿ. ಉಸಿರು ಕೆಲವೇ ವಾರಗಳಲ್ಲಿ ಪಳಗಿದರೂ ಮೂಳೆಗಳೂ ಸ್ನಾಯುಬಂಧಗಳೂ ಗಟ್ಟಿಯಾಗಲು ತಿಂಗಳುಗಳು ಬೇಕು. ಮುಗಿಸುವಾಗಲೂ ಥಟ್ಟನೆ ನಿಲ್ಲದೆ ಐದು ನಿಮಿಷ ನಡೆಯಬೇಕು.

ವೇಗವು ಎಷ್ಟಿರಬೇಕೆಂಬುದಕ್ಕೆ ಗಡಿಯಾರ ಬೇಡ, ಮಗ್ಗಿ ಸಾಕು. ಓಡುತ್ತಲೇ ‘ಹದಿಮೂರೊಂದ್ಲೆ ಹದಿಮೂರು, ಹದಿಮೂರೆರಡ್ಲೆ ಇಪ್ಪತ್ತಾರು’ ಎಂದು ತಡೆಯಿಲ್ಲದೆ ಹೇಳಲಾದರೆ ವೇಗ ಸರಿಯಾಗಿದೆ. ಹದಿಮೂರಕ್ಕೂ ಒಂದ್ಲೆಗೂ ನಡುವೆಯೇ ಉಸಿರು ಕಡಿದರೆ ನಡಿಗೆಗೆ ಇಳಿಯಿರಿ. (ಮಗ್ಗಿಯೇ ಬಾರದವರಿಗೆ ಈ ಪರೀಕ್ಷೆ ನಡೆಯದು; ಅವರ ವಿಚಾರವನ್ನು ಗಣಿತದ ಉಪಾಧ್ಯಾಯರು ನೋಡಿಕೊಳ್ಳುವರು.)

ಸಂಖ್ಯೆಯಲ್ಲಿಯೇ ತಿಳಿಯಬೇಕೆಂಬವರು ಪೀಕ್ ಫ್ಲೋ ಮೀಟರ್ ಎಂಬ ಸಣ್ಣ ಕೊಳವೆಯನ್ನು ಬಳಸಬಹುದು. ಉಸಿರನ್ನು ಪೂರ್ತಿ ತುಂಬಿಕೊಂಡು ಬಲವಾಗಿ ಮೂರು ಸಲ ಊದಿ, ಅತಿ ಹೆಚ್ಚಿನ ಅಂಕವನ್ನು ಬರೆದುಕೊಳ್ಳುವುದು. ಆರೋಗ್ಯವಾಗಿದ್ದಾಗ ನಿಮ್ಮ ಉತ್ತಮ ಅಂಕ 300 ಆಗಿದ್ದರೆ, ಅದರ ನೂರಕ್ಕೆ ಎಂಬತ್ತು ಪಾಲು 240. ಅದಕ್ಕಿಂತ ಕೆಳಗಿಳಿದ ದಿನ ಓಟ ಬೇಡ. ಅರ್ಧಕ್ಕಿಂತ, ಅಂದರೆ 150ಕ್ಕಿಂತ ಕೆಳಗಿಳಿದರೆ ಆಸ್ಪತ್ರೆಗೆ ಹೋಗತಕ್ಕದ್ದು. ಓಟದ ನಡುವೆ ಒಂದು ವಾಕ್ಯವನ್ನೂ ಪೂರ್ತಿ ಆಡಲಾಗದಿದ್ದರೆ, ತುಟಿ ನೀಲಿಗಟ್ಟಿದರೆ, ಪಂಪಿನಿಂದಲೂ ಶಮನವಾಗದಿದ್ದರೆ ರೋಗಿಯನ್ನು ಮಲಗಿಸದೆ ನೆಟ್ಟಗೆ ಕೂರಿಸಿ, 108ಕ್ಕೆ ಕರೆಮಾಡಬೇಕು. ಇದನ್ನು ಉಬ್ಬಸವಿಲ್ಲದ ಗೆಳೆಯರೂ ಕಲಿತಿರಬೇಕು.

ಎಲ್ಲಿ ಓಡುವುದು? ಅಬಿಡ್ಸಿನ ಜಿ.ಪಿ.ಒ. ಚೌಕದಲ್ಲಿ ವಾಹನಗಳ ಹೊಗೆ ಏಳುವ ಹೊತ್ತಿನಲ್ಲಿ ಓಡುವುದಕ್ಕಿಂತ ಮನೆಯಲ್ಲಿರುವುದೇ ಲೇಸು. ಹತ್ತಿರದ ನಾಂಪಲ್ಲಿಯ ಬಾಗ್-ಎ-ಆಮ್, ಅಂದರೆ ಪಬ್ಲಿಕ್ ಗಾರ್ಡನ್ಸ್, ಮರಗಳ ನೆರಳುಳ್ಳ ಸ್ಥಳ. ಬೆಳಿಗ್ಗೆ ಅಲ್ಲಿ ನಡೆಯುವವರ ಗುಂಪೇ ಇರುವುದರಿಂದ ಒಂಟಿತನದ ಭಯವೂ ಇಲ್ಲ. ಭಾನುವಾರಗಳಲ್ಲಿ ಮಾತ್ರ ನಾವು ಅಬಿಡ್ಸಿನ ಬೀದಿಯಲ್ಲಿಯೇ ಓಡುವುದುಂಟು. ಅಂಗಡಿಗಳು ಮುಚ್ಚಿರುತ್ತವೆ, ಅವುಗಳ ಮುಂದೆ ಹಳೆಯ ಪುಸ್ತಕದವರು ಬಂದು ತಾಡಪಾಲು ಹಾಸುವುದರೊಳಗೆ ಓಟ ಮುಗಿದಿರುತ್ತದೆ. ಡಿಸೆಂಬರ್, ಜನವರಿ ತಿಂಗಳ ಬೆಳಗಿನ ಚಳಿಯಲ್ಲಿ ಹೊಗೆಯು ನೆಲವನ್ನು ಬಿಟ್ಟೇಳದು. ಆಗ ಬಿಸಿಲು ಬಂದ ಮೇಲೆ ಹೊರಡುವುದು, ಮೂಗುಬಾಯಿಗಳಿಗೆ ತೆಳುವಾದ ಬಟ್ಟೆ ಕಟ್ಟಿಕೊಳ್ಳುವುದು ಉಚಿತ. ದೀಪಾವಳಿಯ ಪಟಾಕಿಯ ದಿನಗಳಲ್ಲಿ ಓಟಕ್ಕೆ ರಜೆ.

ಕೊನೆಯದಾಗಿ, ಹಿನ್ನಡೆಯ ವಿಚಾರ. ನೆಗಡಿ, ಜ್ವರ, ರಾತ್ರಿಯ ಕೆಮ್ಮು ಇವು ಬಂದೇ ಬರುತ್ತವೆ. ನಮಗೆ ಮೊದಲ ವರ್ಷದಲ್ಲಿಯೇ ಮೂರು ಸಲ ಬಂದವು. ಮೂರನೆಯ ಸಲ ಐದು ವಾರ ಹಾಸಿಗೆ ಬಿಡಲಾಗಲಿಲ್ಲ. ಜ್ವರ ಪೂರ್ತಿ ಇಳಿದು, ಊದುವ ಅಂಕವು ಮೊದಲಿನ ಮಟ್ಟಕ್ಕೆ ಬಂದ ಮೇಲೆ, ಬಿಟ್ಟ ಮೆಟ್ಟಿಲಿನಿಂದಲ್ಲ, ಅದಕ್ಕಿಂತ ಎರಡು ಮೆಟ್ಟಿಲು ಕೆಳಗಿನಿಂದ ಆರಂಭಿಸಬೇಕು. ಐದು ವಾರ ಮಲಗಿದ್ದ ನಾವು ಒಂದು ನಿಮಿಷದ ಓಟಕ್ಕೇ ಮರಳಿದೆವು. ಆದರೆ ಮೊದಲ ಸಲ ಎರಡು ತಿಂಗಳು ಹಿಡಿದಿದ್ದ ದಾರಿಯು ಎರಡನೆಯ ಸಲ ಒಂದು ತಿಂಗಳಲ್ಲಿ ಮುಗಿಯಿತು.

ಆ ಆರು ಮಂದಿಯಲ್ಲಿ ಐವರ ವೈದ್ಯರು ಒಪ್ಪಿಗೆ ಬರೆದುಕೊಟ್ಟರು. ಒಬ್ಬನಿಗೆ ಇನ್ನೂ ಆರು ತಿಂಗಳು ಕಾಯಲು ಹೇಳಿದ್ದಾರೆ. ಐವರೂ ಪ್ರತಿಯೊಂದು ಓಟವನ್ನು ನೋಟುಪುಸ್ತಕದಲ್ಲಿ ಬರೆದಿಡುತ್ತಿದ್ದಾರೆ. ಈ ಲೇಖನವನ್ನು ಅಚ್ಚಿಗೆ ಕೊಡುವ ವೇಳೆಗೆ ಮೂವರು ಎಂಟು ನಿಮಿಷದ ಮೆಟ್ಟಿಲಿನಲ್ಲಿದ್ದಾರೆ. ಒಬ್ಬಳು ಹನ್ನೆರಡು ನಿಮಿಷ ಓಡಿ, ಹದಿನೇಳರ ಮಗ್ಗಿಯನ್ನೂ ಒಪ್ಪಿಸಿದ್ದಾಳೆ. ಐದನೆಯವನಿಗೆ ನವೆಂಬರಿನಲ್ಲಿ ಡೆಂಗೀ ಜ್ವರ ಬಂದಿತು. ವೈದ್ಯರ ಅಪ್ಪಣೆಯಂತೆ ಅವನು ಈಗ ದಿನಕ್ಕೆ ಹದಿನೈದು ನಿಮಿಷ ನಡೆಯುತ್ತಿದ್ದಾನೆ.