ಅಪ್ಪ-ಅಮ್ಮನ ಕೈಯಲ್ಲಿ ಫೋನು, ಮಗುವಿನ ಕಡೆ ಯಾರು?

ಮಕ್ಕಳ ಮೊಬೈಲ್ ಹುಚ್ಚು ಬಿಡಿಸುವುದು ಹೇಗೆ ಎಂದು ಕೇಳುವ ಪತ್ರಗಳು ಈ ಅಂಕಣಕ್ಕೆ ಬರುತ್ತಲೇ ಇರುತ್ತವೆ. ಈ ಸಲ ಆಯ್ದುಕೊಂಡಿರುವುದು ದೊಡ್ಡವರ ಹುಚ್ಚಿನ ಬಗ್ಗೆ ಬಂದ ಪತ್ರಗಳನ್ನು. ಗೇಮ್, ರೀಲ್ಸ್, ಚಾಟಿಂಗ್‌ನಲ್ಲಿ ಮುಳುಗಿದ ತಂದೆ ತಾಯಿಯಿಂದಾಗಿ ಮಗುವಿನ ಹಾಲು, ನಿದ್ದೆ, ಸುರಕ್ಷತೆ ತಪ್ಪುತ್ತಿರುವ ಮನೆಗಳಿವು. ಬರೆದವರ ಗುರುತು ಬಿಟ್ಟಿದ್ದೇನೆ.

ಪ್ರಶ್ನೆ: ನನ್ನ ಮೊಮ್ಮಗನಿಗೆ ಐದು ತಿಂಗಳು. ಸೊಸೆ ಬಾಣಂತನ ಮುಗಿಸಿಕೊಂಡು ತವರಿನಿಂದ ಬಂದಾಗಿನಿಂದ ಮೊಬೈಲ್ ಕೆಳಗಿಡುವುದಿಲ್ಲ. ಹಾಲು ಕುಡಿಸುವಾಗಲೂ ಕಣ್ಣು ರೀಲ್ಸ್ ಮೇಲೆಯೇ. ಮಧ್ಯಾಹ್ನ ಮಗು ಒದ್ದೆ ಬಟ್ಟೆಯಲ್ಲೇ ಎರಡು ಮೂರು ಗಂಟೆ ಮಲಗಿರುತ್ತದೆ, ತೊಡೆಸಂದಿ ಕೆಂಪಗಾಗಿದೆ. ಮೊದಲು ಕಿರುಚಿ ಅಳುತ್ತಿದ್ದವನು ಈಗ ಅಳುವುದನ್ನೇ ಕಡಿಮೆ ಮಾಡಿದ್ದಾನೆ. ‘ಎಷ್ಟು ಒಳ್ಳೇ ಮಗು, ತಂಟೆಯೇ ಇಲ್ಲ’ ಎನ್ನುತ್ತಾಳೆ ಸೊಸೆ. ನನಗೇಕೋ ಹೆದರಿಕೆ. ಏನಾದರೂ ಅಂದರೆ ಮನೆಯಲ್ಲಿ ಜಗಳ.
– ಹೆಸರು ಬೇಡ, ತುಮಕೂರು

ಉತ್ತರ: ಅಮ್ಮಾ, ನಿಮ್ಮ ಹೆದರಿಕೆಗೆ ಕಾರಣವಿದೆ. ಹಸಿವು, ಒದ್ದೆ, ನೋವು ಎಲ್ಲವನ್ನೂ ಐದು ತಿಂಗಳ ಮಗು ಅತ್ತೇ ತಿಳಿಸಬೇಕು. ಎಷ್ಟು ಅತ್ತರೂ ಯಾರೂ ಬರುವುದಿಲ್ಲ ಎಂಬ ಅನುಭವ ಮತ್ತೆ ಮತ್ತೆ ಆದರೆ ಕೆಲವು ಮಕ್ಕಳು ಅಳುವುದನ್ನೇ ಬಿಡುತ್ತವೆ. ಹಾಲು ಸಾಲದೆ ನಿತ್ರಾಣವಾದ ಮಗುವೂ ಹೀಗೆಯೇ ಸುಮ್ಮನಾಗುತ್ತದೆ, ಸೋಂಕು ತಗುಲಿದ ಮಗುವೂ ಅಷ್ಟೆ. ಆದ್ದರಿಂದ ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಿ, ತಾಯಿ ಕಾರ್ಡ್ ಜೊತೆಯಲ್ಲಿರಲಿ. ಈ ವಯಸ್ಸಿಗೆ ತೂಕ ಹುಟ್ಟಿದಾಗಿನ ಎರಡರಷ್ಟು ಆಗಿರಬೇಕು. ದಿನಕ್ಕೆ ಆರು ಸಲವಾದರೂ ಮೂತ್ರ ಮಾಡಬೇಕು. ಮುಖ ನೋಡಿ ನಗಬೇಕು, ಮಾತಾಡಿಸಿದರೆ ಸದ್ದು ಮಾಡಬೇಕು.

ಮಗುವಿಗೆ ಹಾಲಿನಷ್ಟೇ ಬೇಕಾದದ್ದು ತಾಯಿಯ ಮುಖ. 1970ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟ್ರಾನಿಕ್ ಒಂದು ಪ್ರಯೋಗ ಮಾಡಿದರು. ತಾಯಿ ಮಗುವಿನೊಂದಿಗೆ ಚೆನ್ನಾಗಿ ಆಡುತ್ತಾಳೆ. ಆಮೇಲೆ ಕೆಲವು ನಿಮಿಷ ಎದುರಿಗೇ ಕೂತು ಮುಖದಲ್ಲಿ ಯಾವ ಭಾವವೂ ಇಲ್ಲದೆ ಮಗುವನ್ನು ಸುಮ್ಮನೆ ನೋಡುತ್ತಾಳೆ. ಮಗು ಮೊದಲು ನಗುತ್ತದೆ, ಕೈ ಚಾಚುತ್ತದೆ, ಕೂಗುತ್ತದೆ. ತಾಯಿ ಅಲುಗದಿದ್ದಾಗ ಕಂಗಾಲಾಗಿ ಮುಖ ತಿರುಗಿಸಿಕೊಳ್ಳುತ್ತದೆ. ಗಂಟೆಗಟ್ಟಲೆ ಫೋನಿಗೆ ಅಂಟಿದ ಮುಖವೂ ಮಗುವಿನ ಪಾಲಿಗೆ ಬಹುಮಟ್ಟಿಗೆ ಅಂಥದ್ದೇ.

ಇನ್ನು ಸೊಸೆಯ ವಿಷಯ. ಹೆರಿಗೆಯ ನಂತರ ಹೀಗಾಗಿದೆ ಎಂದಾದರೆ ನಾನು ಮೊದಲು ಯೋಚಿಸುವುದು ಬಾಣಂತಿಯರ ಖಿನ್ನತೆಯನ್ನು. ಭಾರತದಲ್ಲಿ ನಡೆದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಸುಮಾರು ಶೇ 22ರಷ್ಟು ಬಾಣಂತಿಯರಿಗೆ ಇದು ಕಾಡುತ್ತದೆ. ಎಲ್ಲರೂ ಅಳುತ್ತಾ ಕೂರುವುದಿಲ್ಲ. ಮನಸ್ಸು ಮರಗಟ್ಟಿ, ಮಗುವಿನ ಮೇಲೆ ಅಕ್ಕರೆಯೇ ಹುಟ್ಟದೆ, ಆ ತಪ್ಪಿತಸ್ಥ ಭಾವನೆಯಿಂದ ಪಾರಾಗಲು ಫೋನಿನಲ್ಲಿ ತಲೆ ಹುದುಗಿಸುವವರು ಅನೇಕರು. ಹತ್ತು ಪ್ರಶ್ನೆಗಳ ‘ಎಡಿನ್‌ಬರೊ’ ಮಾಪಕದಿಂದ ವೈದ್ಯರು ಇದರ ಸುಳಿವನ್ನು ಕೆಲವೇ ನಿಮಿಷಗಳಲ್ಲಿ ಹಿಡಿಯಬಲ್ಲರು. ಹಾಲುಣಿಸುವಾಗಲೂ ಕೊಡಬಹುದಾದ ಔಷಧಿಗಳಿವೆ.

ಫೋನ್ ಕಿತ್ತುಕೊಳ್ಳಬೇಡಿ. ‘ರಾತ್ರಿ ನಿದ್ದೆ ಬರ್ತಿದೆಯಾ ಮಗಳೇ? ಮನಸ್ಸಿಗೆ ಬೇಜಾರಾ?’ ಎಂದು ಒಬ್ಬಳೇ ಇದ್ದಾಗ ಕೇಳಿ. ಮಗುವಿನ ಬಟ್ಟೆ ಬದಲಿಸುವುದು, ರಾತ್ರಿ ಎತ್ತಿಕೊಂಡು ಓಡಾಡುವುದು ನಿಮ್ಮ ಮಗನ ಕೆಲಸವೂ ಹೌದು, ಅವನನ್ನು ಇವತ್ತಿನಿಂದಲೇ ಹಚ್ಚಿ. ‘ಸಾಯಬೇಕು ಅನಿಸುತ್ತದೆ’, ‘ಮಗುವಿಗೆ ಏನಾದರೂ ಮಾಡಿಬಿಡುತ್ತೇನೇನೋ’ ಎಂಬ ಮಾತು ಬಂದರೆ ಅವಳನ್ನು ಒಂಟಿಯಾಗಿ ಬಿಡದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನೆ: ನನ್ನ ಗಂಡನಿಗೆ ಬಿಜಿಎಂಐ ಎಂಬ ಮೊಬೈಲ್ ಗೇಮ್‌ನ ಹುಚ್ಚು. ರಾತ್ರಿ ಮೂರರವರೆಗೆ ಆಡುತ್ತಾರೆ. ಮೊನ್ನೆ ಎರಡು ವರ್ಷದ ಮಗಳನ್ನು ಅವರ ಹತ್ತಿರ ಬಿಟ್ಟು ರೇಷನ್ ತರಲು ಹೋಗಿದ್ದೆ. ಬಂದು ನೋಡಿದರೆ ಮಗು ಬಚ್ಚಲಲ್ಲಿ, ತುಂಬಿದ ಬಕೆಟ್‌ನೊಳಗೆ ಅರ್ಧ ಬಾಗಿ ಚೊಂಬು ಎಟುಕಿಸುತ್ತಿತ್ತು. ಅವರು ಹಾಲ್‌ನಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದರು. ‘ಮ್ಯಾಚ್ ಮಧ್ಯ ಬಿಡೋಕಾಗಲ್ಲ’ ಅಂದರು. ಇದು ಚಟವೋ, ಕಾಯಿಲೆಯೋ?
– ಹೆಸರು ಬೇಡ, ದಾವಣಗೆರೆ

ಉತ್ತರ: ಮೊದಲು ಬಕೆಟ್ ವಿಷಯ. ಆ ವಯಸ್ಸಿನ ಮಗುವಿಗೆ ದೇಹದ ಅನುಪಾತದಲ್ಲಿ ತಲೆ ಭಾರ. ಬಕೆಟ್‌ಗೆ ತಲೆಕೆಳಗಾಗಿ ಬಿದ್ದರೆ ಮೇಲೇಳಲು ಆಗುವುದಿಲ್ಲ, ಸದ್ದೂ ಬರುವುದಿಲ್ಲ. ಗೇಣುದ್ದ ನೀರೂ ಬೇಕಿಲ್ಲ, ಕೆಲವೇ ನಿಮಿಷ ಸಾಕು. ಇನ್ನು ಮುಂದೆ ಬಕೆಟ್ ಬೋರಲು ಹಾಕಿ, ಬಚ್ಚಲ ಬಾಗಿಲಿಗೆ ಮೇಲುಗಡೆ ಚಿಲಕ ಹಾಕಿಸಿ. ಗಂಡ ಚಿಕಿತ್ಸೆಗೆ ಒಪ್ಪಿ ಸುಧಾರಿಸುವವರೆಗೆ ಮಗುವನ್ನು ಅವರೊಬ್ಬರ ಸುಪರ್ದಿಗೆ ಬಿಡಬೇಡಿ. ಅಜ್ಜಿಯೋ ಪಕ್ಕದ ಮನೆಯವರೋ ಜೊತೆಗಿರಲಿ. ಇದನ್ನು ಅವರಿಗೆ ನೇರವಾಗಿಯೇ ಹೇಳಿ.

ಕಾಯಿಲೆಯೇ ಎಂದು ಕೇಳಿದ್ದೀರಿ. ಮಿತಿಮೀರಿದಾಗ ಹೌದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ, 2022ರ ಜನವರಿಯಿಂದ ಜಾರಿಗೆ ಬಂದ ರೋಗಗಳ ಪಟ್ಟಿಯಲ್ಲಿ ‘ಗೇಮಿಂಗ್ ಡಿಸಾರ್ಡರ್’ ಸೇರಿದೆ. ಲಕ್ಷಣ ಮೂರು: ಆಟ ಯಾವಾಗ ಶುರು, ಯಾವಾಗ ನಿಲ್ಲಿಸಬೇಕು ಎಂಬುದರ ಮೇಲೆ ಹಿಡಿತ ತಪ್ಪುವುದು, ಊಟ, ಕೆಲಸ, ಮನೆಮಂದಿಗಿಂತ ಆಟವೇ ಮುಖ್ಯವಾಗುವುದು, ಕೆಡುಕಾಗುತ್ತಿದೆ ಎಂದು ಗೊತ್ತಿದ್ದೂ ಮುಂದುವರಿಸುವುದು. ಇವು ಸಾಮಾನ್ಯವಾಗಿ 12 ತಿಂಗಳು ಇದ್ದು, ಬದುಕಿನ ಮೇಲೆ ದೊಡ್ಡ ಪೆಟ್ಟು ಬಿದ್ದಿರಬೇಕು. ಲಕ್ಷಣ ತೀವ್ರವಾಗಿದ್ದರೆ ವೈದ್ಯರು ಅಷ್ಟು ದಿನ ಕಾಯುವುದಿಲ್ಲ. ಗಂಟೆಗಳ ಲೆಕ್ಕವೊಂದರಿಂದಲೇ ಯಾರನ್ನೂ ರೋಗಿ ಎನ್ನಲಾಗದು.

‘ಮಧ್ಯ ಬಿಡೋಕಾಗಲ್ಲ’ ಎಂಬ ಮಾತು ಒಂದು ಅರ್ಥದಲ್ಲಿ ನಿಜ. ತಂಡ ಕಟ್ಟಿ ನೇರವಾಗಿ ಆಡುವ ಈ ಆಟಗಳಲ್ಲಿ ಪಾಜ್ ಇಲ್ಲ. ಎದ್ದು ಹೋದರೆ ಜೊತೆಯವರು ಬೈಯುತ್ತಾರೆ, ರ್‍ಯಾಂಕ್ ಇಳಿಯುತ್ತದೆ. ಬಹುಮಾನ ಯಾವಾಗ ಸಿಗುತ್ತದೆ ಎಂಬುದು ಗೊತ್ತಿಲ್ಲದಂತೆ ಜೋಡಿಸಿರುವುದರಿಂದ ‘ಇನ್ನೊಂದೇ ಮ್ಯಾಚ್’ ಎನ್ನುವುದಕ್ಕೆ ಕೊನೆಯೇ ಇರುವುದಿಲ್ಲ. ಆದ್ದರಿಂದಲೇ ಮಗುವಿನ ಹೊಣೆ ಇರುವ ಹೊತ್ತಿನಲ್ಲಿ ಇಂಥ ಆಟವನ್ನು ಶುರು ಮಾಡಲೇಬಾರದು. ಈ ನಿಯಮದಲ್ಲಿ ರಾಜಿ ಬೇಡ.

ಇದಕ್ಕೆಂದೇ ಒಂದು ಮಾತ್ರೆ ಇಲ್ಲ. ಆಟದತ್ತ ಎಳೆಯುವ ಯೋಚನೆ, ಸಂದರ್ಭಗಳನ್ನು ಗುರುತಿಸಿ ಬದಲಿಸುವ ಮನೋಚಿಕಿತ್ಸೆ, ಮನೆಯವರೊಂದಿಗೆ ಸಮಾಲೋಚನೆ, ನಿದ್ದೆಯ ಕ್ರಮ ಸರಿಪಡಿಸುವುದು ಇವು ಮುಖ್ಯ. ಜೊತೆಗೆ ಖಿನ್ನತೆ, ಆತಂಕ, ಕುಡಿತ, ಏಕಾಗ್ರತೆಯ ತೊಂದರೆ ಇದ್ದರೆ ಅದಕ್ಕೆ ಔಷಧಿ ಬೇಕಾಗುತ್ತದೆ. ಬಿಟ್ಟ ಮೊದಲ ದಿನಗಳಲ್ಲಿ ಸಿಡಿಮಿಡಿ ಸಹಜ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕಾಗಿಯೇ 2014ರಿಂದ ‘ಶಟ್’ ಕ್ಲಿನಿಕ್ ನಡೆಯುತ್ತಿದೆ. ಅಷ್ಟು ದೂರ ಹೋಗಲಾಗದಿದ್ದರೆ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣಿ, ಅಥವಾ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅದು ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ಕೊರಿಯಾದಲ್ಲಿ ಗೇಮ್ ಆಡುತ್ತಾ ಕೂತ ದಂಪತಿ ಸ್ವಂತ ಮಗುವನ್ನೇ ಹಸಿವಿನಿಂದ ಸಾಯಿಸಿದರು ಎಂದು ಗೆಳೆಯರು ಹೇಳಿದರು. ಇದು ನಿಜವೇ? ಅಂಥವರನ್ನು ರೋಗಿಗಳೆನ್ನಬೇಕೋ, ಅಪರಾಧಿಗಳೆನ್ನಬೇಕೋ?
– ವಿದ್ಯಾರ್ಥಿ, ಮೈಸೂರು

ಉತ್ತರ: ನಿಜ. ದಕ್ಷಿಣ ಕೊರಿಯಾದ ಸುವಾನ್ ನಗರದಲ್ಲಿ 2009ರ ಸೆಪ್ಟೆಂಬರ್‌ನಲ್ಲಿ ಮೂರು ತಿಂಗಳ ಹೆಣ್ಣುಮಗು ತೀರಿಕೊಂಡಿತು. ದಿನ ತುಂಬುವ ಮೊದಲೇ ಹುಟ್ಟಿದ ಮಗು. ತಂದೆ ತಾಯಿ ಇಬ್ಬರಿಗೂ ಕೆಲಸವಿರಲಿಲ್ಲ. ಮಗುವನ್ನು ಮನೆಯಲ್ಲಿ ಬಿಟ್ಟು ‘ಪಿಸಿ ಬಾಂಗ್’ ಎನ್ನುವ ಇಂಟರ್‌ನೆಟ್ ಕೇಂದ್ರದಲ್ಲಿ ರಾತ್ರಿಯಿಡೀ, ಹನ್ನೆರಡು ಗಂಟೆಗಳಷ್ಟು ಹೊತ್ತೂ ಕೂರುತ್ತಿದ್ದರು. ಪೊಲೀಸರ ಪ್ರಕಾರ ಮಗುವಿಗೆ ಸಿಗುತ್ತಿದ್ದದ್ದು ದಿನಕ್ಕೊಮ್ಮೆ ಪುಡಿ ಹಾಲು. ಆ ವಯಸ್ಸಿನ ಮಗುವಿಗೆ ದಿನಕ್ಕೆ ಆರರಿಂದ ಎಂಟು ಸಲ ಹಾಲು ಬೇಕು. ಅವರು ಆಡುತ್ತಿದ್ದ ‘ಪ್ರಿಯಸ್ ಆನ್‌ಲೈನ್’ ಆಟದಲ್ಲಿ ‘ಅನಿಮಾ’ ಎಂಬ ಪುಟ್ಟ ಹುಡುಗಿಯನ್ನು ಸಾಕಿ ಬೆಳೆಸಬೇಕಿತ್ತು. 2010ರ ಮಾರ್ಚ್‌ನಲ್ಲಿ ಬಂಧನ, ಮೇ ತಿಂಗಳಲ್ಲಿ ಎರಡು ವರ್ಷ ಶಿಕ್ಷೆ. ಮತ್ತೆ ಗರ್ಭಿಣಿಯಾಗಿದ್ದ ತಾಯಿಯ ಶಿಕ್ಷೆಯನ್ನು ಅಮಾನತಿನಲ್ಲಿಟ್ಟರು. ಈ ಪ್ರಕರಣದ ಬಗ್ಗೆ 2014ರಲ್ಲಿ ‘ಲವ್ ಚೈಲ್ಡ್’ ಎಂಬ ಸಾಕ್ಷ್ಯಚಿತ್ರ ಬಂತು.

ವೈದ್ಯನಾಗಿ ನನ್ನ ಮಾತು ಇಷ್ಟು: ರೋಗವಿತ್ತು ಎಂದ ಮಾತ್ರಕ್ಕೆ ಮಗುವಿನ ಹಕ್ಕು ಕಡಿಮೆಯಾಗುವುದಿಲ್ಲ. ತಪ್ಪು ಮಾಡಿದರು ಎಂದ ಮಾತ್ರಕ್ಕೆ ಚಿಕಿತ್ಸೆಯ ಅಗತ್ಯವೂ ತಪ್ಪುವುದಿಲ್ಲ. ನಿರುದ್ಯೋಗ, ಅಶಕ್ತ ಮಗು, ಒಂಟಿತನ ಮೂರೂ ಸೇರಿದ ಮನೆಗೆ ಆಗಾಗ ಒಬ್ಬರು ಹೋಗಿ ಮಗುವನ್ನು ಎತ್ತಿ ತೂಕ ನೋಡಿದ್ದರೂ ಅಪಾಯ ಗೊತ್ತಾಗುತ್ತಿತ್ತು. ಕೊರಿಯಾ 2011ರಲ್ಲಿ 16 ವರ್ಷದೊಳಗಿನವರಿಗೆ ಮಧ್ಯರಾತ್ರಿಯಿಂದ ಬೆಳಿಗ್ಗೆ ಆರರವರೆಗೆ ಆನ್‌ಲೈನ್ ಆಟ ನಿಷೇಧಿಸಿತು, 2022ರ ಜನವರಿಯಲ್ಲಿ ಆ ನಿಯಮ ರದ್ದಾಯಿತು. ಸುವಾನ್‌ನ ತಂದೆ ತಾಯಿ ವಯಸ್ಕರು, ಅಂಥ ನಿಯಮ ಅವರನ್ನು ತಡೆಯುತ್ತಿರಲಿಲ್ಲ. ನಮ್ಮಲ್ಲಿ ಮಗುವಿಗೆ 3, 6, 9, 12, 15 ತಿಂಗಳಾದಾಗ ಆಶಾ ಕಾರ್ಯಕರ್ತೆ ಮನೆಗೆ ಬಂದು ನೋಡುವ ವ್ಯವಸ್ಥೆ ಇದೆ. ಅದನ್ನು ಬರೀ ರಿಜಿಸ್ಟರ್ ತುಂಬುವ ಕೆಲಸ ಎಂದುಕೊಳ್ಳಬಾರದು. ಜೀವ ಉಳಿಯುವುದು ಇಂಥ ಭೇಟಿಗಳಿಂದಲೇ.

ಪ್ರಶ್ನೆ: ಗೇಮ್‌ನಲ್ಲಿ ಮುಳುಗಿದ ಅಂಥ ತಂದೆ ನಾನೇ ಎಂದುಕೊಂಡು ಬರೆಯುತ್ತಿದ್ದೇನೆ. ಆಫೀಸ್ ಕೆಲಸ ಮುಗಿದರೂ ಫೋನಿನಲ್ಲಿ ಗೇಮ್ ಆಡುವುದನ್ನು ಬಿಡಲಾಗುವುದಿಲ್ಲ. ನಾಲ್ಕು ವರ್ಷದ ಮಗಳು ಬಾಗಿಲಲ್ಲಿ ನಿಂತು ‘ಅಪ್ಪಾ, ಮುಗೀತಾ?’ ಎಂದು ಕೇಳುತ್ತಾಳೆ. ರೇಗಿಬಿಡುತ್ತೇನೆ, ಆಮೇಲೆ ಅವಳ ಕೈಗೂ ಒಂದು ಟ್ಯಾಬ್ ಕೊಡುತ್ತೇನೆ. ಕೈ ಮೀರಿದೆಯೇ?
– ಬೆಂಗಳೂರು

ಉತ್ತರ: ಇಲ್ಲ. ಮಗಳು ಇನ್ನೂ ಬಾಗಿಲಿಗೆ ಬಂದು ಕೇಳುತ್ತಿದ್ದಾಳೆ, ಅಂದರೆ ನಿಮ್ಮ ಮೇಲೆ ಅವಳಿಗೆ ಭರವಸೆ ಇದೆ. ನೀವೊಬ್ಬರೇ ಹೀಗಿಲ್ಲ. ಅಮೆರಿಕದ ಬಾಸ್ಟನ್‌ನಲ್ಲಿ ಮಕ್ಕಳೊಂದಿಗೆ ಊಟಕ್ಕೆ ಬಂದ 55 ಮಂದಿ ಪೋಷಕರನ್ನು ಗಮನಿಸಿದ 2014ರ ಅಧ್ಯಯನದಲ್ಲಿ 40 ಮಂದಿ ಊಟದ ಹೊತ್ತಿನಲ್ಲಿ ಫೋನ್ ಬಳಸಿದ್ದರು. ಫೋನಿನಲ್ಲಿ ಪೂರ್ತಿ ಮುಳುಗಿದ್ದ ಕೆಲವರು ಮಕ್ಕಳು ಕರೆದಾಗ ಗದರಿದ್ದೂ ಉಂಟು.

ನಾಳೆಯಿಂದಲೇ ಇಷ್ಟು ಮಾಡಿ. ಗೇಮ್ ಆ್ಯಪ್ ಅಳಿಸಿ, ಬರೀ ಹೋಮ್ ಸ್ಕ್ರೀನ್‌ನಿಂದ ತೆಗೆದರೆ ಸಾಲದು. ನೋಟಿಫಿಕೇಶನ್ ನಿಲ್ಲಿಸಿ. ಮಗಳ ಊಟ, ಸ್ನಾನ, ಮಲಗುವ ಹೊತ್ತಿನಲ್ಲಿ ಫೋನ್ ಬೇರೆ ಕೋಣೆಯಲ್ಲಿರಲಿ. ಆಫೀಸಿನ ಕರೆ ಬಂದರೆ ‘ಇದು ಕೆಲಸದ ಫೋನ್, ಮುಗಿಸಿ ಬರ್ತೀನಿ ಪುಟ್ಟಿ’ ಎಂದು ಹೇಳಿ, ಹೇಳಿದಂತೆ ಬನ್ನಿ. ದಿನಕ್ಕೆ ಅರ್ಧ ಗಂಟೆ ಅವಳು ಹೇಳಿದ ಆಟವನ್ನೇ ಆಡಿ. ಅವಳ ಟ್ಯಾಬ್ ದಿನಕ್ಕೆ ಒಂದು ಗಂಟೆ ಮೀರದಿರಲಿ, ಪಕ್ಕದಲ್ಲಿ ನೀವಿರಿ. ರೇಗಿದ್ದಕ್ಕೆ ‘ತಪ್ಪಾಯಿತು’ ಎಂದು ಅವಳಿಗೆ ಹೇಳುವುದರಿಂದ ನಿಮ್ಮ ಗೌರವವೇನೂ ಕುಗ್ಗುವುದಿಲ್ಲ. ಎರಡು ಮೂರು ವಾರ ಹೀಗೆ ಪ್ರಯತ್ನಿಸಿಯೂ ಅಳಿಸಿದ ಆಟ ಮತ್ತೆ ಮತ್ತೆ ಫೋನ್ ಸೇರುತ್ತಿದ್ದರೆ ಸಂಕೋಚಪಡದೆ ಮನೋವೈದ್ಯರ ಬಳಿ ಬನ್ನಿ.

ಪ್ರಶ್ನೆ: ನಾನು ಅಂಗನವಾಡಿ ಕಾರ್ಯಕರ್ತೆ. ನಮ್ಮ ಕೇಂದ್ರಕ್ಕೆ ಬರುವ ಒಂದು ಮಗು ಹಸಿದು, ಸ್ನಾನವಿಲ್ಲದೆ ಬರುತ್ತದೆ. ತಂದೆ ತಾಯಿ ಇಬ್ಬರೂ ಸದಾ ಮೊಬೈಲ್‌ನಲ್ಲೇ. ಯಾರಿಗೆ ತಿಳಿಸಬೇಕು? ಮನೆ ಒಡೆದ ಪಾಪ ನನಗೆ ಬೇಡ.
– ಕೊಪ್ಪಳ ಜಿಲ್ಲೆ

ಉತ್ತರ: ತಿಳಿಸುವುದು ಪಾಪವಲ್ಲ, ನಿಮ್ಮ ಕರ್ತವ್ಯ. ಬಡತನಕ್ಕೂ ನಿರ್ಲಕ್ಷ್ಯಕ್ಕೂ ವ್ಯತ್ಯಾಸ ನೋಡಿಕೊಳ್ಳಿ. ಮನೆಯಲ್ಲಿ ಊಟ ಇದ್ದೂ ಮಗುವಿಗೆ ಬಡಿಸುವವರಿಲ್ಲ ಎಂದಾದರೆ ಅದು ನಿರ್ಲಕ್ಷ್ಯ. ಯಾವ ದಿನ ಏನು ಕಂಡಿರಿ, ತೂಕ ಎಷ್ಟಿತ್ತು ಎಂದು ಬರೆದಿಡಿ. ಮೊದಲು ಆಶಾ ಕಾರ್ಯಕರ್ತೆಯ ಜೊತೆ ಮನೆಗೆ ಹೋಗಿ ಸಮಾಧಾನದಿಂದ ಮಾತಾಡಿ. ಬೀದಿಯಲ್ಲಿ ನಿಂತು ಮಾನ ಕಳೆದರೆ ಅವರು ಮಗುವನ್ನು ಕೇಂದ್ರಕ್ಕೆ ಕಳಿಸುವುದನ್ನೇ ನಿಲ್ಲಿಸಬಹುದು.

ಬದಲಾವಣೆ ಕಾಣದಿದ್ದರೆ ಮೇಲ್ವಿಚಾರಕಿಗೆ ಮತ್ತು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ತಿಳಿಸಿ. ಮಗುವಿಗೆ ಗಾಯ, ಜ್ವರ, ನಿತ್ರಾಣ ಕಂಡರೆ, ಅಥವಾ ಎಳೆಯ ಮಗುವನ್ನು ಒಂಟಿಯಾಗಿ ಬಿಟ್ಟು ಹೋಗುತ್ತಿದ್ದರೆ ಕಾಯಬೇಡಿ, ತಕ್ಷಣ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಂ ಪ್ರಕಾರ, ಸುಪರ್ದಿಯಲ್ಲಿರುವ ಮಗುವಿಗೆ ದೈಹಿಕ ಅಥವಾ ಮಾನಸಿಕ ಯಾತನೆ ಆಗುವಂತೆ ನಿರ್ಲಕ್ಷಿಸಿದರೆ ಮೂರು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿ ದಂಡ, ಇಲ್ಲವೇ ಎರಡೂ. ಆದರೆ ಇಂಥ ಪ್ರಕರಣ ನೋಡುವ ಮಕ್ಕಳ ಕಲ್ಯಾಣ ಸಮಿತಿಯ ಮೊದಲ ಕೆಲಸ ಮಗುವಿನ ಕ್ಷೇಮ. ಸಾಧ್ಯವಾದಷ್ಟೂ ಮಗು ಸ್ವಂತ ಮನೆಯಲ್ಲೇ ಬೆಳೆಯಲಿ ಎಂಬುದೇ ಕಾಯ್ದೆಯ ಆಶಯ. ತಂದೆ ತಾಯಿಗೆ ಸಮಾಲೋಚನೆ, ಚಿಕಿತ್ಸೆ ಸಿಗುವ ದಾರಿಯೂ ಇದರಿಂದ ತೆರೆಯುತ್ತದೆ. ನೀವು ಸುಮ್ಮನಿದ್ದರೆ ಆ ಮನೆಯ ಮೂವರಿಗೂ ನೆರವು ತಪ್ಪುತ್ತದೆ. ಅದಕ್ಕೇ ಹೇಳುತ್ತೇನೆ, ಇವತ್ತೇ ಬರೆದಿಡಲು ಶುರು ಮಾಡಿ, ಈ ವಾರದಲ್ಲೇ ಆ ಮನೆಗೆ ಹೋಗಿ ಬನ್ನಿ.