ಮುಂಬೈನಾಗ ಒಂದ ಹಗಲು ಸಿಕ್ಕರ

ತಮ್ಮಾ, ಹುಬ್ಬಳ್ಳಿ–ದಾದರ ಗಾಡಿ ನಸುಕಿನ್ಯಾಗ ಮುಟ್ಟತೈತಿ, ನಿಮ್ಮ ದುಬೈ ವಿಮಾನ ರಾತ್ರಿಗೆ. ನಡುವ ಸಿಗೂ ಒಂದ ಹಗಲಿನ್ಯಾಗ ಹುಡುಗ್ರಿಗೆ ಮುಂಬೈ ಎಲ್ಲಾ ತೋರಸ್ತೀನಂತ ಹೊಂಡಬ್ಯಾಡ. ಜುಹೂನೂ ಬೇಕು, ಹಾಜಿ ಅಲಿನೂ ಬೇಕು, ನಟರ ಮನಿ ಗೇಟೂ ಬೇಕು ಅಂದ್ರ ದಿನಾ ಟ್ಯಾಕ್ಸ್ಯಾಗ ಕುಂತ ಮುಗೀತದ. ಬಂದರದ ಮಗ್ಗಲ ಅಷ್ಟ ನೋಡ್ರಿ. ನಮ್ಮ ಹೆಬ್ಬಳ್ಳಿ ಕಡಿ ಯರಿ ಹೊಲಕ್ಕೂ ಆ ಬಂದರಕ್ಕೂ ಹಳೇ ನಂಟೈತಿ.

1861ರಿಂದ 1865ರ ತನಕ ಅಮೆರಿಕಾದವರು ತಮ್ಮೊಳಗ ತಾವ ಬಡದಾಡಿದಾಗ ಇಂಗ್ಲೆಂಡಿನ ಗಿರಣಿಗೆ ಅಲ್ಲಿ ಹತ್ತಿ ಬರೂದು ನಿಂತು, ಧಾರವಾಡ ಸೀಮಿ ಹತ್ತಿಗೆ ಬಂಗಾರದ ಬೆಲಿ ಬಂತು. ಇಲ್ಲಿ ರೈಲ ಇದ್ದಿದ್ದಿಲ್ಲ. ಚಕ್ಕಡಿ ಮ್ಯಾಲ ಅಂಡಗಿ ಹೇರಿ, ಘಟ್ಟಾ ಇಳದು ಕುಮಟಾಕ್ಕ, ಅಲ್ಲಿಂದ ಸಮುದ್ರದ ಮ್ಯಾಲ ಮುಂಬೈಕ, ಮುಂಬೈಲಿಂದ ಲಿವರ್‌ಪೂಲಿಗೆ. ಯುದ್ಧ ಮುಗಿದದ್ದ ತಡ, ಬೆಲಿ ಬಿತ್ತು, ಮುಂಬೈದ ದೊಡ್ಡ ದೊಡ್ಡ ಸಾಹುಕಾರ್ರು ದಿವಾಳಿ ಎದ್ರು. ಎತ್ತು ಹೊಡಕೊಂಡು ಹೋದವರ ಹೆಸರು ಯಾವ ಕಲ್ಲಿನ ಮ್ಯಾಲೂ ಇಲ್ಲ. ಅದಕ್ಕ ನಿನ್ನ ಮಕ್ಕಳಿಗೆ ನೀನ ಹೇಳಬೇಕು. ಗಾಡ್ಯಾಗ ಹೋಗುವಾಗ ಹೇಳು, ಇಳಿದ ಮ್ಯಾಲ ಗದ್ದಲದಾಗ ಅವರು ಕೇಳೂದಿಲ್ಲ.

ದಾದರದಾಗ ಬ್ಯಾಗ ಕ್ಲೋಕ್ ರೂಮಿಗೆ ಹಾಕ್ರಿ. ಕೀಲಿ ಇಲ್ಲದ ಬ್ಯಾಗ ತಗೊಳ್ಳೂದಿಲ್ಲ, ಸೊಸಿಗೆ ಈಗ ಹೇಳಿಡು. ಮಗ್ಗಲದಾಗ ಮಾಟುಂಗಾ. ಅಲ್ಲಿ ಉಡುಪಿಯವರ ಹೋಟೆಲ್‌ನ್ಯಾಗ ನಾಷ್ಟಾ ಮಾಡಿ, 1926ರಾಗ ಹುಟ್ಟಿದ ಕನ್ನಡಿಗರ ಸಂಘ ಮೈಸೂರು ಅಸೋಸಿಯೇಷನ್ ಹುಡುಗ್ರಿಗೆ ತೋರಸು. ಊರು ಬಿಟ್ಟವರು ಭಾಷಾ ಬಿಟ್ಟಿಲ್ಲ ಅನ್ನೂದನ್ನ ದುಬೈಕ ಹೊಂಟ ಮಕ್ಕಳು ಕಣ್ಣಿಲೆ ನೋಡಲಿ.

ಹನ್ನೊಂದರ ತನಕ ಲೋಕಲ್ ಹತ್ತಬ್ಯಾಡ್ರಿ, ಸಣ್ಣ ಹುಡುಗ್ರು ನುಜ್ಜುಗುಜ್ಜಾಗ್ತಾವ. ಆಮ್ಯಾಲ ಕಾಟನ್ ಗ್ರೀನ್. ಕೊಲಾಬಾದಾಗಿದ್ದ ಹತ್ತಿ ಪ್ಯಾಟಿ ಮುಂದ ಇಲ್ಲಿಗೆ ಬಂತು, ಸ್ಟೇಷನ್ನಿಗೆ ಹೆಸರೂ ಅದರದ. ಅಲ್ಲಿಂದ ಹಾರ್ಬರ್ ಲೈನಿನ ಗಾಡಿ ಹಿಡದ್ರ ಸೀದಾ ಸಿಎಸ್‌ಎಂಟಿ.

ಅಲ್ಲಿಂದ ಗೇಟ್‌ವೇ ಆಫ್ ಇಂಡಿಯಾಕ್ಕ ಹೋಗಿ ಅದರ ಮುಂದ ಫೋಟೋ ಹೊಡಕೊಳ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ 1924ರಾಗ ಮುಗಿದ ಆ ಬಾಗಲದಿಂದನ 1948ರ ಫೆಬ್ರುವರಿ 28ಕ್ಕ ಬ್ರಿಟಿಷರ ಕಡೀ ಪಲ್ಟನ್ ಹೋತು ಅನ್ನೂದನ್ನೂ ಹೇಳು. ಆಗ ನಾವೂ ಮುಂಬೈ ಪ್ರಾಂತದವರ. 1956ರ ನವೆಂಬರ್ 1ಕ್ಕ ಧಾರವಾಡ ಜಿಲ್ಲಾ ಈ ಕಡಿ ಕನ್ನಡ ರಾಜ್ಯಕ್ಕ ಬಂತು. ಎಲಿಫೆಂಟಾಕ್ಕ ದೋಣಿ ಹತ್ತಬ್ಯಾಡ್ರಿ, ಹೋಗಿಬರೂದ್ರಾಗ ಅರ್ಧ ದಿನಾ ಹೊಕ್ಕೈತಿ. ಐದರೊಳಗ ದಾದರಕ್ಕ ಹೊಳ್ಳಿ ಬ್ಯಾಗ ಬಿಡಿಸ್ಕೊಂಡು ಏರ್‌ಪೋರ್ಟ್ ಹಾದಿ ಹಿಡೀರಿ. ಸಂಜಿ ಟ್ರಾಫಿಕ್ಕು ಯಾರ ಮಾತೂ ಕೇಳೂದಿಲ್ಲ.