ಸ್ತನಾರ್ಬುದ ಸಂಶೋಧನೆಯೂ ರೋಗಿಯ ಒಪ್ಪಿಗೆಯೂ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಕಡೆಯಿಂದ ದೊಡ್ಡ ಕಾಯಿಲೆಗಳ ಚಿಕಿತ್ಸೆಗೆಂದು ಮಂಗಳೂರಿಗೆ ಹೋಗುವವರು ಹಲವರು. ನನ್ನ ದೊಡ್ಡಮ್ಮನೂ ಸ್ತನದ ಗಡ್ಡೆಯ ಶಸ್ತ್ರಚಿಕಿತ್ಸೆಗೆ ಹಾಗೆಯೇ ಹೋದವರು. ಬೀಡಿ ಕಟ್ಟಿ ಬದುಕಿದ ಅವರಿಗೆ ಅಕ್ಷರ ಬಾರದು. ತುಳುವಲ್ಲದೆ ಬೇರೆ ಮಾತು ಅಷ್ಟಾಗಿ ತಿಳಿಯದು. ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಕೆಲವು ಕಾಗದಗಳಿಗೆ ಅವರ ಹೆಬ್ಬೆಟ್ಟು ಒತ್ತಿಸಿಕೊಂಡರು. "ಇದೇನು ಮಗಾ?" ಎಂದು ಅವರು ಕೇಳಿದರು. ಒಂದು ಕಾಗದವು ಗಡ್ಡೆಯ ಅಂಶವನ್ನು ಸಂಶೋಧನೆಗೆ ಇಟ್ಟುಕೊಳ್ಳುವ ಒಪ್ಪಿಗೆಯೆಂದು ಓದಿ ತಿಳಿದೆನಾದರೂ, ವಿವರಿಸಿ ಹೇಳಲು ಬಿ.ಎ. ಓದುತ್ತಿರುವ ನನಗೂ ಆಗಲಿಲ್ಲ. ಆ ನಾಚಿಕೆಯೇ ಈ ಲೇಖನಕ್ಕೆ ಕಾರಣ.

ದೇಹದಿಂದ ಬೇರ್ಪಟ್ಟ ಅಂಗಾಂಶವು ಒಡನೆಯೇ ಕೆಡತೊಡಗುತ್ತದೆ. ಆದುದರಿಂದ ಒಂದು ಗಂಟೆಯೊಳಗೆ ಅದನ್ನು ಫಾರ್ಮಲಿನ್ ದ್ರಾವಣದಲ್ಲಿಡಬೇಕು. 6ರಿಂದ 72 ಗಂಟೆಗಳ ಕಾಲ ಅದರಲ್ಲಿ ನೆನೆದ ಮೇಲೆ ಮೇಣದ ಅಚ್ಚಿನಲ್ಲಿ ಕೂರಿಸಿ, ತೆಳುವಾದ ಪದರಗಳನ್ನು ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಮೊದಲ ಹಕ್ಕು ರೋಗನಿರ್ಣಯದ್ದು. ಅದಕ್ಕೆ ಬೇಕಾದಷ್ಟನ್ನು ತೆಗೆದ ಮೇಲೆ ಉಳಿದುದು ಮಾತ್ರ ಸಂಶೋಧನೆಗೆ ಸಲ್ಲಬೇಕು. ಅಂತಹ ತುಣುಕುಗಳನ್ನು ಕೆಲವೊಮ್ಮೆ ಸೊನ್ನೆಗಿಂತ 196 ಡಿಗ್ರಿ ಕೆಳಗಿನ ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿಡುವುದೂ ಉಂಟು.

ಇದರಿಂದ ಪ್ರಯೋಜನವೇನು? 1987ರಲ್ಲಿ ಅಮೆರಿಕದ ಡೆನ್ನಿಸ್ ಸ್ಲೇಮನ್ ಮತ್ತು ಸಂಗಡಿಗರು 189 ಸ್ತನಾರ್ಬುದದ ಗಡ್ಡೆಗಳನ್ನು ಪರೀಕ್ಷಿಸಿ, ನೂರಕ್ಕೆ ಸುಮಾರು ಮೂವತ್ತರಲ್ಲಿ ಹರ್-2 ಎಂಬ ಜೀನು ಮಿತಿಮೀರಿ ಹೆಚ್ಚಿರುವುದನ್ನು ಕಂಡರು. ಅಂತಹ ರೋಗಿಗಳಿಗೆಂದೇ ಟ್ರಾಸ್ಟುಜುಮಾಬ್ ಎಂಬ ಔಷಧಿ ಸಿದ್ಧವಾಗಿ, 1998ರಲ್ಲಿ ಆ ದೇಶದಲ್ಲಿ ಮಂಜೂರಾಯಿತು. ಹೆಸರರಿಯದ ರೋಗಿಗಳ ತುಣುಕುಗಳೇ ಅದಕ್ಕೆ ದಾರಿ ತೋರಿದುವು.

ಆದರೆ ಉಪಕಾರದ ಹೆಸರಿನಲ್ಲಿ ಅನ್ಯಾಯವೂ ನಡೆದುದುಂಟು. 1951ರಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬಾಕೆಯ ಗರ್ಭಕಂಠದ ಗಡ್ಡೆಯ ಜೀವಕೋಶಗಳನ್ನು ಆಕೆಯ ಒಪ್ಪಿಗೆಯಿಲ್ಲದೆಯೇ ಸಂಶೋಧನೆಗೆ ತೆಗೆದುಕೊಂಡರು. ಅವು ಲೋಕದ ಪ್ರಯೋಗಶಾಲೆಗಳಿಗೆಲ್ಲ ಹಂಚಿಹೋದರೂ ಮನೆಯವರಿಗೆ ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಸುದ್ದಿಯೇ ತಿಳಿಯಲಿಲ್ಲ.

ನಮ್ಮ ದೇಶದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2017ರಲ್ಲಿ ಹೊರತಂದ ನೈತಿಕ ಮಾರ್ಗಸೂಚಿಗಳು ಈ ವಿಷಯದಲ್ಲಿ ಸ್ಪಷ್ಟವಾಗಿವೆ. ರೋಗಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕು; ಅಕ್ಷರ ಬಾರದವರ ಹೆಬ್ಬೆಟ್ಟಿಗೆ ಓದುಬಲ್ಲ ನಿಷ್ಪಕ್ಷಪಾತಿ ಸಾಕ್ಷಿಯೊಬ್ಬರು ಇರಬೇಕು; ಒಪ್ಪದಿದ್ದರೂ ಚಿಕಿತ್ಸೆಗೆ ಕುಂದು ಬರಬಾರದು; ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಲೂಬಹುದು.

ಇಷ್ಟನ್ನು ಓದಿ ತಿಳಿದ ಮೇಲೆ ದೊಡ್ಡಮ್ಮನ ಬಳಿಗೆ ಹೋಗಿ ತುಳುವಿನಲ್ಲಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾಲ್ಕು ಹೆಂಗಸರಿಗೆ ಒಳ್ಳೆಯದಾಗುವುದಾದರೆ ಇರಲಿ. ಆದರೆ ಹೆಬ್ಬೆಟ್ಟು ಒತ್ತುವ ಮೊದಲು ಹೇಳಬೇಕಿತ್ತಲ್ಲ ಮಗಾ," ಎಂದರು.

ಸಹಪಾಠಿಗಳೇ, ನಮ್ಮಲ್ಲಿ ಅನೇಕರು ಮನೆಯಲ್ಲಿ ಮೊದಲು ಕಾಲೇಜು ಮೆಟ್ಟಿಲು ಹತ್ತಿದವರು. ಹಿರಿಯರೊಡನೆ ಆಸ್ಪತ್ರೆಗೆ ಹೋದಾಗ ಕಾಗದವನ್ನು ಮೊದಲು ನಾವು ಓದೋಣ, ಅರ್ಥವಾಗದುದನ್ನು ವೈದ್ಯರನ್ನು ಕೇಳೋಣ, ಅವರ ಮಾತಿನಲ್ಲಿ ತಿಳಿಸೋಣ. ಹೆಬ್ಬೆಟ್ಟು ಬೀಳುವುದು ಆಮೇಲೆ.